ಬೋರ್ಡಿನಲ್ಲಿ ಬತ್ತಿದ ಬಾವಿ

ಪಂಚಾಯ್ತಿ ನೀರುಗಂಟಿ ಹೊನ್ನ ಆ ದಿನ ಮಾಡಿದ ಒಂದೇ ತಪ್ಪೆಂದರೆ, ಸರ್ಕಾರ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದು.

೧೯೯೮ರ ಏಪ್ರಿಲ್. ಸಿದ್ದಾಪುರದಿಂದ ಸುತ್ತೋಲೆ ಬಂದಿತ್ತು: ಬಾವಿಗಳ ನೀರಿನ ಮಟ್ಟ ಅಳೆದು ಸಾರ್ವಜನಿಕರ ಮಾಹಿತಿಗಾಗಿ ಬೋರ್ಡಿನ ಮೇಲೆ ಬರೆಯತಕ್ಕದ್ದು. ಅಳೆಯುವ ಕ್ರಮವೂ ಅದರಲ್ಲೇ ಇತ್ತು. ಬಾವಿಕಟ್ಟೆಯಿಂದ ಟೇಪು ಇಳಿಬಿಡಬೇಕು. ಎಷ್ಟು ಮೀಟರ್ ಕೆಳಗೆ ನೀರು ಸಿಕ್ಕಿತೋ ಅದೇ ಅಂಕಿ. ಅಂಕಿ ದೊಡ್ಡದಾದಷ್ಟೂ ನೀರು ಪಾತಾಳಕ್ಕೆ ಹತ್ತಿರ. ಹೊನ್ನ ಅಳೆದ. ಬೆಳಿಗ್ಗೆ ಎಂಟಕ್ಕೆ ಬಸ್ ನಿಲ್ಲುವಲ್ಲಿದ್ದ ಕರಿಹಲಗೆಯ ಮೇಲೆ ‘ನೀರಿನ ಮಟ್ಟ’ ಎಂದು ದಪ್ಪಗೆ ಬರೆದು, ಕೆಳಗೆ ‘ಗೌರಕ್ಕನ ಬಾವಿ ೧೧.೬೦, ದುರ್ಗಮ್ಮನ ಬಾವಿ ೩.೮೦’ ಎಂದು ತುಂಬಿಸಿದ.

ಎಂಟೂವರೆಗೆಲ್ಲ ಊರು ಅದನ್ನು ಓದಿ ಮುಗಿಸಿತ್ತು. ಬೇಸಿಗೆಯಲ್ಲಿ ಅರ್ಧ ಕೊಡ ಕೆಸರು ಬಿಟ್ಟು ಬೇರೇನೂ ಕೊಡದ ಬಾವಿಯ ಒಡತಿ ಗೌರಕ್ಕ ಲಾಟರಿ ಹೊಡೆದವಳಂತೆ ಅಡ್ಡಾಡತೊಡಗಿದಳು. ದುರ್ಗಮ್ಮ ಕುದಿಯುವ ಹಂಡೆಯ ಹಾಗೆ ಬಂದಳು. ಅವಳು ಬೇರೆ ಯಾರೂ ಅಲ್ಲ, ಹೊನ್ನನ ಸ್ವಂತ ಅಕ್ಕ.

“ನಿನ್ನ ಕೈಗೆ ಎಂತ ಬಡೀತಾ? ನನ್ನ ಮಗಳು ಭೂಮಿಕಾನ್ನ ನೋಡಕ್ಕೆ ಯಲ್ಲಾಪುರದವರು ಇವತ್ತೇ ಬರ್ತಾರೆ ಅಂತ ಗೊತ್ತಿಲ್ಲನ? ಬಸ್ಸಿಳಿದ ಕೂಡ್ಲೆ ಕಾಣೋದೇ ಈ ಹಲಗೆ. ನೀರಿಲ್ಲದ ಮನೆ ಹೆಣ್ಣನ್ನ ಯಾರು ಕೇಳ್ತಾರೆ?”

“ಅಕ್ಕಾ, ಅದು ಇರೋ ನೀರಿನ ಲೆಕ್ಕ ಅಲ್ಲ. ನೀರು ಎಷ್ಟು ಕೆಳಗದೆ ಅನ್ನೋ ಲೆಕ್ಕ. ಊರಿಗೆಲ್ಲ ನಿನ್ನ ಬಾವೀಲೇ ಹೆಚ್ಚು ನೀರು!”

“ಹೆಚ್ಚಿದ್ದಿದ್ದಕ್ಕೆ ಕಡಿಮೆ ಬರೀತಾರನ? ಹಂಗಾದ್ರೆ ಪರೀಕ್ಷೇಲಿ ಸೊನ್ನೆ ತಗಂಡವ ಫಸ್ಟ್ ಕ್ಲಾಸನ?”

ಚಹಾದಂಗಡಿಯ ತಿಮ್ಮ ಕೇಳದಿದ್ದರೂ ಸಲಹೆ ಕೊಡುವವ. “ಹೊನ್ನಣ್ಣ, ಜನಕ್ಕೆ ತಿಳಿಯೋ ಹಂಗೆ ಬರಿ ಮಾರಾಯ. ಬಾವೀಲಿ ಎಷ್ಟು ನೀರದೆ, ಅಷ್ಟೇ.”

ಹೊನ್ನನಿಗೂ ಅದು ನ್ಯಾಯವೆನಿಸಿತು. ಗೌರಕ್ಕನ ಬಾವಿಯ ಆಳ ೧೨.೨೦ ಮೀಟರ್, ಅಕ್ಕನದು ೧೧.೭೦. ಬೆರಳು ಮಡಚಿ ಕಳೆದು ನೋಡಿ ಅಂಕಿಗಳನ್ನು ಬದಲಿಸಿದ: ಗೌರಕ್ಕನ ಬಾವಿ ೦.೬೦, ದುರ್ಗಮ್ಮನ ಬಾವಿ ೭.೯೦. ಮೇಲಿನ ‘ನೀರಿನ ಮಟ್ಟ’ ಮಾತ್ರ ಮುದ್ದಾಗಿ ಮೂಡಿತ್ತೆಂದು ಅಳಿಸಲು ಮನಸ್ಸಾಗಲಿಲ್ಲ.

ದುರ್ಗಮ್ಮ ತಣ್ಣಗಾಗಿ ಮನೆಗೆ ಹೋದಳು. ಈಗ ಗೌರಕ್ಕನ ಸರದಿ.

“ಬೆಳಿಗ್ಗೆ ಹನ್ನೊಂದು ಮೀಟರ್ ಇದ್ದ ನೀರನ್ನ ಹತ್ತು ಗಂಟೆಯೊಳಗೆ ಯಾರು ಕುಡಿದ್ರಾ ಹೊನ್ನಾ? ಅಕ್ಕನ ಮಗಳ ಮದುವೆಗೆ ನನ್ನ ಬಾವಿ ಬತ್ತಿಸ್ದ್ಯನ? ನಂಗೂ ಮದುವೆಗೆ ಬಂದ ಮಗಳದಾಳೆ! ಅಳಿಸು ಆ ಸೊನ್ನೇನ!”

ಅವಳು ಸೆರಗು ಹಿಡಿದು ಹಲಗೆಯತ್ತ ನುಗ್ಗಿದಳು. ಹೊನ್ನ ಎರಡೂ ಕೈ ಚಾಚಿ ಗದ್ದೆಯ ಬೆರ್ಚಪ್ಪನಂತೆ ಅಡ್ಡ ನಿಂತ. ಅಷ್ಟರಲ್ಲಿ ಬಸ್ಸು ಬಂತು. ಗೌರಕ್ಕ ಗೊಣಗುತ್ತ ಮನೆಯ ದಾರಿ ಹಿಡಿದಳು.

ಬಸ್ಸಿನಿಂದ ಇಳಿದವರು ಮೂವರು: ಹುಡುಗ ನಂದನ, ಅವನ ತಾಯಿ, ದೊಡ್ಡಪ್ಪ ಕಮಲಾಕರ ನಾಯ್ಕರು. ನಾಯ್ಕರು ನೇರ ಹಲಗೆಯ ಮುಂದೆ ನಿಂತು, ಕನ್ನಡಕ ಏರಿಸಿ ಓದಿದರು. “ಓಹೋ” ಎಂದರು. ತಿಮ್ಮನ ಅಂಗಡಿಯಲ್ಲಿ ಏನನ್ನೋ ವಿಚಾರಿಸಿದರು. ಅಕ್ಕನ ಏಳೂ ತೊಂಬತ್ತಕ್ಕೆ ಅವರು ಮರುಳಾದರೆಂದು ಹೊನ್ನ ಹಿಗ್ಗಿದ.

ದುರ್ಗಮ್ಮ ಅಂಗಳದಲ್ಲಿ ನಾಲ್ಕು ಕೊಡ ತುಂಬಿಸಿಟ್ಟಿದ್ದಳು. “ಕಾಲು ತೊಳೀರಿ, ಎಷ್ಟು ಬೇಕಾದ್ರೂ ಹಾಕ್ಕಳ್ಳಿ.” ನಾಯ್ಕರು ಹೆಬ್ಬೆರಳಷ್ಟನ್ನೇ ತೋಯಿಸಿದರು. ಭೂಮಿಕಾ ಬೆಲ್ಲ ನೀರು ತಂದಳು. ನಾಯ್ಕರು ಒಂದು ಗುಟುಕು ಕುಡಿದು ಲೋಟ ಇಟ್ಟರು. “ಸಾಕಮ್ಮ, ನಿಮಗೇ ಬೇಕಾಗ್ತದೆ.” ಕಾಲು ಗಂಟೆಯಲ್ಲಿ ಎದ್ದು, “ಮನೇಲಿ ಮಾತಾಡಿ ಕಾಗದ ಬರೀತೇವೆ” ಎಂದರು. ಆ ಮಾತಿನ ಅರ್ಥ ತಿಳಿಯದ ಹೆಣ್ಣಿನ ತಾಯಿ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಹೊನ್ನ ನಾಯ್ಕರ ಹಿಂದೆ ಬೇಲಿಯ ದಣಪೆಯವರೆಗೆ ಓಡಿದ. “ಸ್ವಾಮಿ, ಎಂತ ಕೊರತೆ ಆತು?”

“ಹುಡುಗಿ ಬಂಗಾರ. ಆದ್ರೆ ನೀರು? ನಾನು ಅಂತರ್ಜಲ ಕಚೇರೀಲಿ ಮೂವತ್ತು ವರ್ಷ ಬಾವಿಗೆ ಟೇಪು ಬಿಟ್ಟವ. ಏಪ್ರಿಲ್‌ನಲ್ಲೇ ಏಳೂ ತೊಂಬತ್ತು ಕೆಳಗೆ ಇಳಿದ ಬಾವಿ ಮೇ ತಿಂಗಳಲ್ಲಿ ಎಲ್ಲಿರ್ತದೆ ಹೇಳಿ.”

“ಅಯ್ಯೋ, ಅದು ಇರೋ ನೀರು ಸ್ವಾಮಿ! ನಾನೇ ಬರ್ದವ!”

“ನೀರಿನ ಮಟ್ಟ ಅಂತ ಬರ್ದಿದೀರಿ. ಸುತ್ತೋಲೆ ಪ್ರಕಾರ ಮಟ್ಟ ಅಂದ್ರೆ ಎಂತದು?”

“ಕಟ್ಟೆಯಿಂದ ಕೆಳಗೆ... ಆದ್ರೆ ಜನಕ್ಕೆ ತಿಳೀಲಿ ಅಂತ... ಬನ್ನಿ, ಬಾವಿಗೇ ಬಗ್ಗಿ ನೋಡಿ!”

“ಕಣ್ಣಂದಾಜು ಅಳತೆಯಲ್ಲ. ಬೋರ್ಡು ದಾಖಲೆ. ನೀವು ಹುಡುಗಿಯ ಸೋದರಮಾವ, ಹಾಗೆ ಹೇಳಬೇಕಾದ್ದೇ.” ನಾಯ್ಕರು ಕರುಣೆಯಿಂದ ಅವನ ಹೆಗಲು ತಟ್ಟಿದರು. “ಅಂದಹಾಗೆ, ಆ ಗೌರಕ್ಕನ ಮನೆ ಯಾವುದು? ಬರೀ ಅರವತ್ತು ಸೆಂಟಿಮೀಟರ್! ಬಗ್ಗಿದ್ರೆ ಕೈಗೇ ನೀರು! ಅವರಿಗೂ ಒಬ್ಬಳು ಮಗಳಿದಾಳಂತಲ್ಲ, ಅಂಗಡಿಯವರು ಹೇಳಿದ್ರು.”

ಹೊನ್ನನ ಕೈ ತನ್ನಷ್ಟಕ್ಕೇ ದಾರಿ ತೋರಿಸಿತು.

ನಾಲ್ಕು ಗಂಟೆಗೆ ಗೌರಕ್ಕನ ಮಗಳ ಮದುವೆ ನಿಶ್ಚಯವಾಯಿತೆಂಬ ಸುದ್ದಿ ಬಂತು. ದುರ್ಗಮ್ಮ ತಮ್ಮನನ್ನು ಒಳಗೆ ಬಿಡಲಿಲ್ಲ. ಬಾವಿಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತವನಿಗೆ ಭೂಮಿಕಾ ಚಹಾ ತಂದುಕೊಟ್ಟಳು. ಅವಳು ಅಳುತ್ತಿರಲಿಲ್ಲ, ನಗು ತಡೆದುಕೊಂಡು ಮುಖ ಕೆಂಪಗಾಗಿತ್ತು.

“ಚಿಂತೆ ಮಾಡಬ್ಯಾಡ ಮಾವ. ಆ ಮನೇಲಿ ತಲೆಗೆ ನೀರು ಹಾಕ್ಕಳಕ್ಕೂ ಟೇಪು ಹಿಡೀತಿದ್ರು.”

ಆ ಮಾತಿಗೆ ಹೊನ್ನನ ಜೀವ ತುಸು ಮರಳಿತು. ಅಷ್ಟರಲ್ಲಿ ಗೌರಕ್ಕ ಕೇಸರಿಬಾತಿನ ತಟ್ಟೆ ಹಿಡಿದು ಬಂದಳು. ಬೆಳಗಿನ ಸಿಟ್ಟಿನ ಕುರುಹೂ ಇರಲಿಲ್ಲ.

“ಹೊನ್ನಪ್ಪಾ, ನಿನ್ನ ಕೈ ಬಂಗಾರದ್ದು! ಆ ಸೊನ್ನೆ ಪಾಯಿಂಟ್ ಅರವತ್ತನ್ನ ಮದುವೆ ಮುಗಿಯೋ ತನಕ ಮುಟ್ಟಬ್ಯಾಡ. ಇನ್ನೊಂದು ಉಪಕಾರ ಆಗ್ಬೇಕು.” ಅವಳು ದನಿ ತಗ್ಗಿಸಿದಳು. “ಮುಂದಿನ ತಿಂಗಳು ನಮ್ಮನೇಲೇ ಮದುವೆ, ಐನೂರು ಜನ. ನನ್ನ ಬಾವಿ ಹಣೆಬರಹ ನಿಂಗೆ ಗೊತ್ತಿದ್ದದ್ದೇ. ನಿನ್ನಕ್ಕನ ಬಾವೀಲಿ ಏಳೂ ತೊಂಬತ್ತು ಅದೆಯಲ, ಅಲ್ಲಿಂದ ಒಂದು ಪೈಪು ಎಳ್ಕಂತೀವಿ. ಬ್ಯಾರೆಯವರು ಕೇಳಿದ್ರೆ ಅವಳು ಕೊಡದಿಲ್ಲ. ನೀನು ತಮ್ಮ ಅಲ್ಲನ, ನೀನೇ ಒಂದು ಮಾತು ಕೇಳು.”

ಗೌರಕ್ಕನ ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು ತೆರೆದಿತ್ತು. ಅಲ್ಲಿ ದುರ್ಗಮ್ಮ, ಕೈಯಲ್ಲಿ ತುಂಬಿದ ಕೊಡ ಹಿಡಿದು, ಗುರಿ ನೋಡುತ್ತ ನಿಂತಿದ್ದಳು.