ಗೋಸುಂಬೆಗೊಬ್ಬ ಕ್ವಾಲಿಫೈಡ್ ಡಾಕ್ಟ್ರು

ಎಸ್ಟೇಟಿನಲ್ಲಿ ರೈಟರ್ ಅಂದ್ರೆ ಲೆಕ್ಕ ಬರೆಯೋನು ಅಂತ ಹೊರಗಿನವರು ತಿಳ್ಕೊಂಡಿದ್ದಾರೆ. ಶುದ್ಧ ಸುಳ್ಳು. ಯಾರದ್ದು ಅಂತ ಗೊತ್ತಾಗದ ಕೆಲಸವೆಲ್ಲ ರೈಟರದ್ದು. ಪಂಪು ಕೆಟ್ಟರೆ ನಾನು, ಬಂಗಲೆಯ ಟೀವಿ ಕೆಟ್ಟರೆ ನಾನು, ಬಂದ ನೆಂಟರ ನಾಯಿ ತಪ್ಪಿಸಿಕೊಂಡರೂ ನಾನೇ. ಹಾಗಾಗಿ ಮೂಡಿಗೆರೆ ಹತ್ತಿರದ ನಮ್ಮ ತೋಟಕ್ಕೆ ಒಂದು ಗೋಸುಂಬೆ ಬಂದಾಗ, ಇದೂ ನನ್ನ ತಲೆಗೇ ಬರುತ್ತೆ ಅಂತ ನನಗೆ ಅವತ್ತೇ ಗೊತ್ತಾಯ್ತು.

ಪ್ಲಾಸ್ಟಿಕ್ ಗಿಡ

ಗೋಸುಂಬೆ ನಮ್ಮ ತೋಟದ ಸಾಹುಕಾರ್ರ ಮಗಳದ್ದು. ಪರದೇಶದ ತಳಿ, ಕಾಗದಪತ್ರ ಎಲ್ಲ ಸರಿಯಾಗಿದೆ ಅಂದಳು. ಪರೀಕ್ಷೆಗೆ ಹೊರಟವಳು ಪಂಜರವನ್ನು ಬಂಗಲೆಯ ಜಗಲಿಯಲ್ಲಿಟ್ಟು, "ರೈಟರ್ ಅಂಕಲ್, ದಿನಾ ಎಲೆಗೆ ನೀರು ಹೊಡೀಬೇಕು, ಮರೀಬೇಡಿ. ಈ ಗೋಸುಂಬೆ ಇಲ್ಲದೆ ನಂಗೆ ಆಗಲ್ಲ" ಅಂದು, ನೀರು ಚಿಮುಕಿಸೋ ಬಾಟ್ಲಿಯನ್ನೂ ಕೊಟ್ಟಳು. ಹೇಳುವಾಗ ಆ ಮಗುವಿನ ಕಣ್ಣಲ್ಲಿ ನೀರೇ ಬಂತು.

ಅವಳ ಕಾರು ಗೇಟು ದಾಟಿದ್ದೇ ಅಮ್ಮಾವ್ರು ಪಂಜರದೊಳಗಿನ ಗಿಡ ಮುಟ್ಟಿ ನೋಡಿದರು. "ಇದು ಪ್ಲಾಸ್ಟಿಕ್ ಕಣ್ರೀ! ಪ್ಲಾಸ್ಟಿಕ್ ಗಿಡಕ್ಕೆ ನೀರಂತೆ! ಓದಿ ಓದಿ ಈ ಹುಡುಗಿಗೆ ಏನಾಗಿದ್ಯೋ." ಕೆರೆ ಬತ್ತುತ್ತಿರೋ ಕಾಲದಲ್ಲಿ ಅವರ ಮಾತು ಸರಿ ಅಂತಲೇ ನನಗೂ ಕಂಡಿತು. ಕುಡಿಯೋದಕ್ಕೆ ಒಂದು ಸ್ಟೀಲ್ ಬಟ್ಟಲು ತುಂಬ ನೀರಿಟ್ಟೆವು. ಆ ಬಾಟ್ಲಿ ಸಾಹುಕಾರ್ರ ಪಂಚೆ ಇಸ್ತ್ರಿ ಮಾಡೋದಕ್ಕೆ ಹೋಯ್ತು.

ಊಟಕ್ಕೆ ಮಿಡತೆ ಬೇಕಿತ್ತು. ಮೇಸ್ತ್ರಿಗೆ ಹೇಳಿ ಇಬ್ಬರು ಆಳನ್ನು ಹುಲ್ಲಿಗೆ ಬಿಟ್ಟೆ. ಸಂಜೆ ಮೇಸ್ತ್ರಿ ತಲೆ ಕೆರ್ಕೊಂಡು ಬಂದ. "ಇವರ ಕೂಲಿ ಯಾವ ಕೆಲಸಕ್ಕೆ ಅಂತ ಬರೀತೀರಿ ರೈಟ್ರೇ?"

"ಕೀಟ ನಿಯಂತ್ರಣ" ಅಂದೆ.

ದನದ ಡಾಕ್ಟ್ರು

ಕೆಲವೇ ದಿನಕ್ಕೆ ಗೋಸುಂಬೆ ಮಿಡತೆ ಮುಟ್ಟೋದು ಬಿಟ್ಟಿತು. ಹಗಲಲ್ಲೇ ಕಣ್ಣು ಮುಚ್ಚಿ ಕೂರೋದು, ಆ ಕಣ್ಣೂ ಗುಳಿ ಬಿದ್ದವು. ಅಮ್ಮಾವ್ರಿಗೆ ಗಾಬರಿ. "ಭಾನುವಾರ ಮಗಳು ಬರ್ತಾಳೆ. ಅಷ್ಟ್ರೊಳಗೆ ಅದು ಕಣ್ಣು ಬಿಟ್ಟಿರ್ಬೇಕು ರೈಟ್ರೇ. ಡಾಕ್ಟ್ರು ಮಾತ್ರ ಕ್ವಾಲಿಫೈಡ್ ಆಗಿರ್ಬೇಕು, ಸೊಪ್ಪು-ಬೇರಿನವರು ಬೇಡ."

ಪೇಟೆಯ ದನದ ಡಾಕ್ಟ್ರ ಹತ್ತಿರ ರಟ್ಟಿನ ಡಬ್ಬ ಹಿಡ್ಕೊಂಡು ಓಡಿದೆ. ಅವರು ಒಂದು ಹಸುವಿನ ಹಿಂದೆ ಇದ್ದರು. ನನ್ನ ಕಡೆ ತಿರುಗದೆಯೇ ಕೇಳಿದರು: "ಮೇವು ಬಿಟ್ಟು ಎಷ್ಟು ದಿನ ಆಯ್ತು? ಎಷ್ಟನೇ ಕರು?"

ನಾನು ಡಬ್ಬ ತೆರೆದು ತೋರಿಸಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಹುಷಾರು ಮಾಡಿ ಸಾರ್, ಒಂದು ಇಂಜೆಕ್ಷನ್ ಆದ್ರೂ."

"ನನ್ನ ಹತ್ರ ಇರೋ ಸೂಜಿ ನೋಡಿದ್ದೀರಾ ಮಾರಾಯ್ರೇ? ಈ ಕಡೆ ಚುಚ್ಚಿದ್ರೆ ಆ ಕಡೆ ನಿಮ್ಮ ಕೈಗೆ ಇಂಜೆಕ್ಷನ್ ಆಗುತ್ತೆ."

ಬಸ್ಸಿನಲ್ಲಿ

ಚಿಕ್ಕಮಗಳೂರಲ್ಲಿ ನಾಯಿ-ಬೆಕ್ಕು ನೋಡೋ ಡಾಕ್ಟ್ರು ಇದ್ದಾರೆ ಅಂತ ತಿಳೀತು. ಬಸ್ಸು ಕಿಕ್ಕಿರಿದಿತ್ತು. ಪಕ್ಕದಲ್ಲಿದ್ದ ಹೆಂಗಸು ಡಬ್ಬದ ತೂತು ನೋಡಿ, "ಕೋಳಿಮರಿಯಾ?" ಅಂದಳು.

"ಅಲ್ಲಮ್ಮ, ಗೋಸುಂಬೆ."

"ಅಯ್ಯಯ್ಯೋ! ಅದು ಉಗುಳಿದ್ರೆ ಮೈಯೆಲ್ಲ ಗುಳ್ಳೆ ಏಳುತ್ತಂತೆ!"

ಆ ಬಸ್ಸಲ್ಲಿ ಓಡಾಡೋಕೆ ಶುರು ಮಾಡಿದ ಮೇಲೆ ಇಡೀ ಸೀಟಲ್ಲಿ ಕಾಲು ಚಾಚಿ ಕೂತಿದ್ದು ಅವತ್ತೊಂದೇ ದಿನ.

ಸಿಟಿ ಡಾಕ್ಟ್ರು ಕ್ವಾಲಿಫೈಡ್, ಗೋಡೆ ತುಂಬ ಸರ್ಟಿಫಿಕೇಟು. ಗೋಸುಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿ ಗಂಭೀರವಾಗಿ ಕೇಳಿದರು: "ಬಣ್ಣದಲ್ಲಿ ಏನಾದ್ರೂ ವ್ಯತ್ಯಾಸ ಆಗಿದ್ಯಾ?"

"ಯಾವಾಗಿಂದ ಸಾರ್? ಮನೆ ಬಿಟ್ಟಾಗಿಂದಲೋ, ನೀವು ಮುಟ್ಟಿದಾಗಿಂದಲೋ?"

ಅವರು ನಕ್ಕು, ತಮಗೂ ಇದು ತಿಳಿಯದು ಅಂತ ಒಪ್ಪಿಕೊಂಡು, ಬೆಂಗಳೂರಲ್ಲಿ ಹಾವು, ಆಮೆ, ಗೋಸುಂಬೆಗಳನ್ನೇ ನೋಡೋ ಗೆಳೆಯರೊಬ್ಬರ ನಂಬರು ಕೊಟ್ಟರು. ದೊಡ್ಡ ಮನುಷ್ಯ.

ಔಷಧಿ

ನಮ್ಮ ತೋಟದಲ್ಲಿ ಸಿಗ್ನಲ್ ಸಿಗೋದು ಕಾಫಿ ಒಣಗಿಸೋ ಕಣದ ಮೂಲೆಯಲ್ಲಿ ಮಾತ್ರ. ಶನಿವಾರ ಬೆಳಗ್ಗೆ ಸಾಹುಕಾರ್ರು, ಅಮ್ಮಾವ್ರು, ಮೇಸ್ತ್ರಿ, ನಾನು, ಪಂಜರ, ಎಲ್ಲ ಆ ಮೂಲೆಯಲ್ಲಿ ಒತ್ತಿಕೊಂಡು ನಿಂತೆವು. ವಿಡಿಯೋದಲ್ಲಿ ನೋಡಿದ ಬೆಂಗಳೂರು ಡಾಕ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ನೀರು?"

"ಬಟ್ಟಲು ತುಂಬ ಇಟ್ಟಿದ್ದೀವಿ."

"ಬಟ್ಟಲಲ್ಲಿ ಇದು ಕುಡಿಯೋದಿಲ್ಲ! ಎಲೆ ಮೇಲಿನ ಹನಿ ನೆಕ್ಕುತ್ತೆ. ಬಾಯಾರಿ ಸಾಯ್ತಾ ಇದೆ. ನಿಜವಾದ ಗಿಡದಲ್ಲಿ ಕೂರಿಸಿ, ಮಳೆ ಬಂದ ಹಾಗೆ ಎಲೆ ಮೇಲೆ ನೀರು ಬೀಳಲಿ."

ಅಮ್ಮಾವ್ರು ಮೆಲ್ಲಗೆ ಸಾಹುಕಾರ್ರ ಪಂಚೆಯ ಇಸ್ತ್ರಿ ನೋಡಿದರು.

ಈಗ ಇದನ್ನು ಕೇಳಿ. ರೊಬಸ್ಟಾ ಜಾತಿಯ ಕಾಫಿ ಮೊಗ್ಗಿಗೆ ಈ ಕಾಲದಲ್ಲಿ ಒಂದು ಹದ ನೀರು ಬೀಳಲೇಬೇಕು, ಇಲ್ಲದಿದ್ದರೆ ಹೂವಿಲ್ಲ, ಹೂವಿಲ್ಲದಿದ್ದರೆ ಕಾಫಿಯಿಲ್ಲ. ಸ್ಪ್ರಿಂಕ್ಲರ್ ಹಾಕ್ಸೋಣ ಅಂತ ನಾನು ವಾರಗಟ್ಟಲೆ ಗೋಗರೆದಿದ್ದೆ. "ಡೀಸೆಲ್ ಯಾರಪ್ಪ ಕೊಡ್ತಾನೆ? ಮಳೆ ಬರುತ್ತೆ ಸುಮ್ನಿರಿ" ಅಂತ ಸಾಹುಕಾರ್ರು ಬೈದಿದ್ದರು. ಸುತ್ತಲಿನ ಸಾಹುಕಾರ್ರೂ ಆಕಾಶ ನೋಡ್ತಾ ಕೂತಿದ್ದರು.

ಅದೇ ಸಾಹುಕಾರ್ರು ಫೋನು ಇಡೋ ಮೊದಲೇ ಕೂಗಿದರು: "ರೈಟ್ರೇ, ಸ್ಪ್ರಿಂಕ್ಲರ್ ಹಾಕ್ಸಿ!"

"ಒಂದು ಗೋಸುಂಬೆಗಾ?"

"ಒಂದು ಗಿಡಕ್ಕೆ ಅಂತ ಪಂಪು ಹಾಕೋಕಾಗುತ್ತೇನ್ರೀ? ಕೆರೆ ಪಕ್ಕದ ಬ್ಲಾಕು ಪೂರ್ತಿ ನೆನೀಲಿ."

ಹನಿ ಸಣ್ಣಗೆ ಬೀಳೋ ಅಂಚಿನಲ್ಲಿ, ಗೋಸುಂಬೆಯನ್ನು ಕಾಫಿ ಗಿಡದ ಮೇಲೆ ಕೂರಿಸಿದೆವು. ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿತು, ಇನ್ನೊಂದು ಬಿಟ್ಟು ಸಾಹುಕಾರ್ರನ್ನು ನೋಡಿತು, ಎಲೆ ನೆಕ್ಕತೊಡಗಿತು. ಅಮ್ಮಾವ್ರು ನೆಂದುಕೊಂಡೇ ಅತ್ತುಬಿಟ್ಟರು. ಭಾನುವಾರ ಮಗಳು ಬಂದಾಗ ಮಿಡತೆ ನುಂಗುತ್ತಿತ್ತು.

ಮಳೆ ಬರಲೇ ಇಲ್ಲ. ಕೆಲವು ದಿನ ಕಳೆದು ಸುತ್ತಲಿನ ತೋಟವೆಲ್ಲ ಮೊಗ್ಗು ಕರಿ ಹಿಡಿದು ನಿಂತಾಗ, ನಮ್ಮ ಕೆರೆ ಬ್ಲಾಕು ಒಂದೇ ಬೆಳ್ಳಗೆ ಹೂಬಿಟ್ಟು ಘಮಘಮ ಅಂದಿತು. ಪಕ್ಕದ ತೋಟದವರು ಬಂದು, "ಸರಿಯಾದ ಹೊತ್ತಿಗೆ ನೀರು ಕೊಡಿ ಅಂತ ಯಾರು ಹೇಳಿದ್ದು?" ಅಂತ ಕೇಳಿದರು. ಸಾಹುಕಾರ್ರು ನನ್ನ ಕಡೆ ನೋಡಿದರು. ಪರವಾಗಿಲ್ಲ, ನೆನಪಾಯ್ತಲ್ಲ ಅಂತ ನಾನು ಅಂಗಿ ಸರಿಮಾಡ್ಕೊಂಡೆ.

"ರೈಟ್ರೇ, ಆ ಡಾಕ್ಟ್ರ ನಂಬರು ಇವರಿಗೆ ಕೊಡಿ" ಅಂದರು.

ಮರುವರ್ಷ ಮೊಗ್ಗು ಬಂದಾಗ ನಾನು ಮತ್ತೆ ಕೈಮುಗಿದೆ, "ಸಾಹುಕಾರ್ರೇ, ಸ್ಪ್ರಿಂಕ್ಲರ್..."

"ನೀವು ಸುಮ್ನಿರಿ ಮಾರಾಯ್ರೇ, ಆತುರ ಬೇಡ. ಮೊದಲು ಕ್ವಾಲಿಫೈಡ್ ಡಾಕ್ಟ್ರನ್ನ ಕೇಳೋಣ."

ಕಣದ ಮೂಲೆಯಲ್ಲಿ ನಿಂತು ಬೆಂಗಳೂರಿಗೆ ಫೋನು ಹಚ್ಚಿದೆ. ಹಾವು, ಆಮೆ, ಗೋಸುಂಬೆಗಳ ಡಾಕ್ಟ್ರು ನಿಟ್ಟುಸಿರು ಬಿಟ್ಟು, "ನಿಮ್ಮದೂ ರೊಬಸ್ಟಾನಾ?" ಅಂದರು.