ಗೆರೆಯೊಳಗೆ ‘ರಿ’ ಇಲ್ಲ

ಗದಗ-ಬೆಟಗೇರಿಯಲ್ಲಿ ಬಾಸ್ಕೆಟ್‌ಬಾಲ್ ಕಲಿಸುವವನು ನಗೆಪಾಟಲಾಗಲು ಎಲ್ಲಿಗೂ ಹೋಗಬೇಕಾಗಿಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಸೀಟಿ ಕೊರಳಿಗೆ ಹಾಕಿಕೊಂಡು ಅಂಗಳಕ್ಕೆ ಬಂದರೆ ಸಾಕು. ಹತ್ತೊಂಬತ್ತು ವರ್ಷದಿಂದ ನಾನು ಇಲ್ಲಿನ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರ. ನಗುವವರ ಮುಂದೆ ಎಡವಿ ಬಿದ್ದ ಹಾಗೆ ಅಂತಾರಲ್ಲ, ಹಾಗೆ ನಾನು ವಾರಕ್ಕೆ ಎರಡು ಸಲವಾದರೂ ಬಿದ್ದಿದ್ದೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿದ್ದಿದ್ದು ನನ್ನ ಅಂಗಳದಲ್ಲೇ, ಎದ್ದಿದ್ದೂ ಅಲ್ಲೇ.

ಗಾಡಿಯ ಫೌಲು

ಹೋದ ವರ್ಷ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಾಗಿ ನಡೆಯುವ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಲೀಗಿಗೆ ನಮ್ಮ ಹೆಣ್ಣುಮಕ್ಕಳ ತಂಡಕ್ಕೂ ಕರೆ ಬಂತು. ಕರೆ ಬಂದ ದಿನವೇ ನಮ್ಮ ಕಚೇರಿಯ ಸೂಪರಿಂಟೆಂಡೆಂಟ್ ಸಾಹೇಬರೂ ನನ್ನನ್ನು ಕರೆದರು.

"ಮಾಸ್ತರ, ಅಲ್ಲಿಗಿ ಹೋಗಿ ಒಂದರೆ ಮ್ಯಾಚ್ ಗೆದ್ದು ಬರ್ರಿ. ಇಲ್ಲಾಂದ್ರ ಆ ಅಂಗಳ ಗಾಡಿ ನಿಲ್ಲಸಾಕ ಆತು. ಕಮಿಟಿಯವರು ಒಪ್ಯಾರ."

ಕಮಿಟಿ ಒಪ್ಪುವ ಮೊದಲೇ ಗಾಡಿಗಳು ಒಪ್ಪಿದ್ದವು. ದಿನಾ ಮುಂಜಾನೆ ಹತ್ತಾರು ಸ್ಕೂಟರು, ಬೈಕು ನಮ್ಮ ಗೆರೆಯೊಳಗೇ ನಿಂತಿರುತ್ತಿದ್ದವು. ಎಲ್ಲಕ್ಕಿಂತ ಮುಂದೆ, ಸರಿಯಾಗಿ ರಿಂಗಿನ ಕೆಳಗೆ, ಸಾಹೇಬರದೇ ಸ್ಕೂಟರು. ನಾನೂ ಹಟಕ್ಕೆ ಬಿದ್ದೆ. ಗಾಡಿ ತೆಗೆಯಿರಿ ಅಂತ ಗೋಗರೆಯುವುದನ್ನು ಬಿಟ್ಟು, ಅವುಗಳ ಸಂದಿಯಲ್ಲೇ ಚೆಂಡು ಕುಟ್ಟಿಕೊಂಡು ಓಡಿರಿ ಎಂದು ಹುಡುಗಿಯರಿಗೆ ಹೇಳಿದೆ. ಹದಿನೈದು ದಿನದಲ್ಲಿ ಅವರು ಎಂಥ ಇಕ್ಕಟ್ಟಿನಲ್ಲೂ ನುಸುಳುವಷ್ಟು ಪಳಗಿದರು.

ಒಂದು ದಿನ ನಮ್ಮ ಮುಂಡರಗಿಯ ಹುಡುಗಿ, ತಂಡದ ನಾಯಕಿ, ತೆಂಗಿನ ಗಿಡದಷ್ಟು ಎತ್ತರದವಳು, ಸಾಹೇಬರ ಸ್ಕೂಟರಿಗೆ ಎಡವಿ ಅದನ್ನೂ ಕೆಡವಿ ತಾನೂ ಬಿದ್ದಳು. ಸಾಹೇಬರು ಓಡಿ ಬಂದರು.

"ಏನವಾ ಇದು? ನಿಂತ ಗಾಡಿ ಕಾಣಂಗಿಲ್ಲೇನು?"

ಅವಳು ಮೊಣಕಾಲು ಒರೆಸಿಕೊಂಡು ಹೇಳಿದಳು: "ಫೌಲ್ ಗಾಡೀದ್ರಿ ಸರ್. ಸ್ಟ್ಯಾಂಡ್ ಅಡ್ಡ ಚಾಚಿತ್ತು."

ತಳ ಇಲ್ಲದ ಚೀಲ

ರಿಂಗಿಗೆ ಕಟ್ಟಿದ ಬಲೆ ಹರಿದು ಚಿಂದಿಯಾಗಿತ್ತು. ಹೊಸದು ಕೊಡಿಸಿ ಎಂದು ಮೂರು ಅರ್ಜಿ ಬರೆದೆ. ನಮ್ಮ ತಂಡದಲ್ಲಿ ಬೆಟಗೇರಿಯ ನೇಕಾರರ ಮನೆಯ ಒಬ್ಬ ಹುಡುಗಿ ಇದ್ದಳು. ಮಾತು ಕಡಿಮೆ, ಆಡಿದರೆ ಬೆಣ್ಣೆ. "ಸರ್, ನಮ್ಮಜ್ಜಿ ಹೆಣದು ಕೊಡ್ತಾಳಂತ್ರಿ" ಅಂದಳು. ಜನ್ಮವಿಡೀ ಮಗ್ಗದ ಮುಂದೆ ಕೂತ ಅಜ್ಜಿ. ನಾಲ್ಕೇ ದಿನದಲ್ಲಿ ಗಟ್ಟಿ ನೂಲಿನ ಬಲೆ ಬಂತು. ಕೆಂಪು ಅಂಚು ಬೇರೆ! ಕಟ್ಟಿದೆವು.

ಮೊದಲ ಚೆಂಡು ಹೊಡೆದರು. ಒಳಗೆ ಬಿತ್ತು. ಹೊರಗೆ ಬರಲಿಲ್ಲ. ಅದನ್ನು ಬೀಳಿಸಲು ಎರಡನೆಯ ಚೆಂಡು ಒಗೆದರು. ಅದೂ ಹೋಗಿ ಮೊದಲಿನದರ ಮೇಲೆ ಕೂತಿತು. ನಮ್ಮಲ್ಲಿ ಇದ್ದವೇ ಎರಡು ಚೆಂಡು. ಜೇಡರ ಬಲೆ ಹೊಡೆಯುವ ಉದ್ದ ಕೋಲು ತಂದು ಚುಚ್ಚಿದರೂ ಬಲೆ ಜಗ್ಗಲಿಲ್ಲ. ಅಂದಿನ ಆಟ ಮುಗಿಯಿತು.

ಸಂಜೆ ನಾನೇ ಬೆಟಗೇರಿಗೆ ಹೋದೆ. ಅಜ್ಜಿ ಚಹಾ ಕೊಟ್ಟು ಕೂಡಿಸಿದಳು.

"ಅಜ್ಜಿ, ಬಲಿ ಭಾಳ ಚಲೋ ಆಗೈತ್ರಿ. ಆದ್ರ ತಳ ಹೊಲದೀರಿ."

"ತಳ ಇಲ್ಲದ ಚೀಲ ನಮ್ಮ ಮನಿತನದಾಗ ಯಾರೂ ಮಾಡಿಲ್ಲ, ಮಾಸ್ತರ. ಚೆಂಡು ಒಳಗ ಬಿತ್ತಿಲ್ಲೋ?"

"ಬಿತ್ರಿ. ಬಿದ್ದದ್ದು ಮತ್ತ ಹೊರಗ ಬರಬೇಕ್ರಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೊರಗ ಬರೂದಿದ್ರ ಒಳಗ್ಯಾಕ ಹಾಕ್ತೀರಿ?"

ಹತ್ತೊಂಬತ್ತು ವರ್ಷ ಈ ಆಟ ಕಲಿಸಿದ್ದೇನೆ. ಆದರೂ ಮರುದಿನ ಬಲೆಯ ತಳ ಬಿಚ್ಚುವಾಗ ಕಳ್ಳತನ ಮಾಡಿದಂತೆ ಅನಿಸಿತು.

ನೀವು ಮೊದಲು, ಇಲ್ರಿ ನೀವು ಮೊದಲು

ತಳ ಬಿಚ್ಚಿದ ಮೇಲೆ ಇನ್ನೊಂದು ತೊಡಕು ಕಂಡಿತು. ಈ ಆಟದಲ್ಲಿ ಚೆಂಡು ಕೈಗೆ ಬಂದ ತಂಡ ಇಪ್ಪತ್ನಾಲ್ಕು ಸೆಕೆಂಡಿನೊಳಗೆ ರಿಂಗಿಗೆ ಹೊಡೆಯಲೇಬೇಕು. ನಮ್ಮ ಬೆಟಗೇರಿಯ ಹುಡುಗಿಗೆ ಹಿರಿಯರೆಂದರೆ ಅತಿ ಮರ್ಯಾದೆ. ನಾಯಕಿ ಅವಳಿಗಿಂತ ಒಂದೇ ವರ್ಷ ದೊಡ್ಡವಳು.

"ಅಕ್ಕಾರ, ಚೆಂಡು ತಗೋರಿ."

"ನೀನ ಹೊಡಿಯವಾ!"

"ಇಲ್ರೀ ಅಕ್ಕಾರ, ನೀವು ದೊಡ್ಡಾರು. ಮೊದಲ ನೀವು ಹೊಡೀರಿ."

ಅಷ್ಟರಲ್ಲಿ ಸೀಟಿ. ಮದುವೆ ಊಟದ ಪಂಕ್ತಿಯಲ್ಲಿ ಈ ಉಪಚಾರ ಚಂದ. ಅಂಗಳದಲ್ಲಿ ಇದರಿಂದಲೇ ನಾವು ಸೋಲುವುದು ಖಚಿತ. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಾನೂನು ಮಾಡಿದೆ.

"ಇವತ್ತಿಂದ ಗೆರಿ ಒಳಗ ‘ರಿ’ ಇಲ್ಲ. ಅಕ್ಕಾ ಇಲ್ಲ, ಸರ್ ಇಲ್ಲ. ಗೆರಿ ಒಳಗ ಬಂದ ಮ್ಯಾಲ ಎಲ್ಲಾರೂ ‘ಲೇ’. ತಿಳೀತಿಲ್ಲೋ?"

ತಂಡದಲ್ಲಿದ್ದ ಶಿರಹಟ್ಟಿಯ ಹುಡುಗಿಗೆ ಅದು ಬೇಗ ತಿಳಿಯಿತು. ಮುಂದಿನ ವಾರ ಲಕ್ಷ್ಮೇಶ್ವರದಲ್ಲಿ ಸ್ನೇಹದ ಮ್ಯಾಚು. ರೆಫರಿ ಅಲ್ಲಿನ ಒಬ್ಬ ನಿವೃತ್ತ ಮಾಸ್ತರರು, ಹೈಸ್ಕೂಲಿನಲ್ಲಿ ಅವಳಿಗೇ ಗಣಿತ ಕಲಿಸಿದವರು. ಅವರು ಅವಳ ಮೇಲೆ ಫೌಲು ಕೊಟ್ಟರು. ಇವಳು ಸೊಂಟದ ಮೇಲೆ ಕೈಯಿಟ್ಟು, "ಲೇ, ಕಣ್ಣ ಮನ್ಯಾಗ ಇಟ್ಟು ಬಂದೀಯೇನು?" ಅಂದಳು.

ಹಿರಿಯರು ಸೀಟಿ ಬಾಯಿಂದ ತೆಗೆದರು. "ಇದನ್ನ ಯಾರು ಕಲಿಸಿದ್ರವಾ ನಿನಗ?"

ಇಡೀ ತಂಡದ ಬೆರಳು ನನ್ನ ಕಡೆ ತಿರುಗಿತು. ಬೆಟಗೇರಿಯ ಹುಡುಗಿ ಮಾತ್ರ ಬೆರಳು ತೋರಿಸುವುದು ಅಮರ್ಯಾದೆ ಎಂದು ಬಾಯಲ್ಲೇ ಹೇಳಿದಳು: "ನಮ್ಮ ಸರ್ ಅವರ್ರಿ."

ಗದಗ ಎಲ್ಲಿದೆ?

ಲೀಗು ನಡೆದದ್ದು ದೂರದ ದೊಡ್ಡ ಶಹರದಲ್ಲಿ. ಹೆಸರು ಬರೆಸುವ ಮೇಜಿನ ಹಿಂದೆ ಇಸ್ತ್ರಿ ಮುರಿಯದ ಅಂಗಿಯ ಒಬ್ಬ ಕುಳಿತಿದ್ದ. ನಮ್ಮ ಕಾಗದ ನೋಡಿ ಹಿಂದಿಯಲ್ಲಿ ಕೇಳಿದ, ಈ ಗದಗ ಎಂಬುದು ಎಲ್ಲಿದೆ?

ನಾನು ಎಂದಿನ ಅಭ್ಯಾಸದಂತೆ, ಹುಬ್ಬಳ್ಳಿ ಹತ್ತಿರ ಅಂದೆ. ಆತ ಪಕ್ಕದವನ ಕಡೆ ನೋಡಿ ನಕ್ಕ. ಆ ನಗು ನನಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಹಿಂದಿಯಲ್ಲಿ ಜಗಳ ಮಾಡುವಷ್ಟು ಹಿಂದಿ ನನಗೆ ಬರದು.

ಮುಂಡರಗಿಯ ನಾಯಕಿ ನನ್ನನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಬಾಗಿದಳು. ತನ್ನ ಬಜಾರದ ಹಿಂದಿಯಲ್ಲಿ ನಿಧಾನಕ್ಕೆ ತಿಳಿಸಿ ಹೇಳಿದಳು: "ಗದಗ ಹುಬ್ಳೀ ಕೆ ಪಾಸ್ ನಹೀ ಹೈ ಸಾಬ್. ಹುಬ್ಳೀ ಗದಗ ಕೆ ಪಾಸ್ ಹೈ."

ಕೊನೆಯ ಎಂಟು ಸೆಕೆಂಡು

ಮೊದಲ ಮ್ಯಾಚು ಸೋತೆವು. ಎರಡನೆಯದೂ ಸೋತೆವು. ಉಳಿದದ್ದು ಒಂದೇ. ಎದುರು ತಂಡದವರಿಗೆ ನೀರು ಕೊಡಲಿಕ್ಕೆ ಒಬ್ಬ, ಕಾಲು ತಿಕ್ಕಲಿಕ್ಕೆ ಇನ್ನೊಬ್ಬ. ನಮ್ಮ ಹುಡುಗಿಯರು ಆಟದ ಮೊದಲು ಬುತ್ತಿ ಬಿಚ್ಚಿ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದರು. "ಸರ್, ಅಂಗಳ ಹೋಗಂಗಿಲ್ಲ ಬಿಡ್ರಿ" ಅಂದಳು ನಾಯಕಿ. ನಾನು ನನ್ನ ಪಾಲಿನ ರೊಟ್ಟಿಯನ್ನೂ ಅವಳ ಕೈಗೇ ಇಟ್ಟೆ.

ಆಟ ಕೊನೆಯ ಎಂಟು ಸೆಕೆಂಡಿಗೆ ಬಂತು. ನಾವು ಒಂದೇ ಅಂಕ ಹಿಂದೆ. ಚೆಂಡು ಬೆಟಗೇರಿಯ ಹುಡುಗಿಯ ಕೈಯಲ್ಲಿ. ಸ್ಕೂಟರುಗಳ ನಡುವೆ ನುಸುಳಿದಂತೆಯೇ ಇಬ್ಬರನ್ನು ದಾಟಿದಳು. ನಾನು ಗೆರೆಯ ಅಂಚಿನಲ್ಲಿ ಕುಣಿಯುತ್ತಿದ್ದೆ.

"ಎಡಕ್ಕ ಹೋಗು! ಬ್ಯಾಡ, ಬಲಕ್ಕ! ಅಕ್ಕಗ ಕೊಡು! ಬ್ಯಾಡ, ನೀನ ಹೊಡಿ! ನಿಲ್ಲು!"

ಆಗ ಆ ಹುಡುಗಿ, ನಾಯಿಗೂ ‘ಸರೀರಿ’ ಅನ್ನುವ ಹುಡುಗಿ, ತಿರುಗಿ ನೋಡದೆ ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದಳು:

"ಲೇ ಮಾಸ್ತರ, ಸುಮ್ನ ಕುಂಡ್ರಲೇ!"

ಕೂತೆ. ಹಿಂದೆ ಕುರ್ಚಿ ಇರಲಿಲ್ಲ, ನೆಲಕ್ಕೇ ಕೂತೆ. ಅಲ್ಲಿಂದಲೇ ನೋಡಿದೆ. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಸುತ್ತಿ ಒಳಗೆ ಬಿತ್ತು, ಅಜ್ಜಿಯ ಮನಸ್ಸಿಗೆ ವಿರುದ್ಧವಾಗಿ ಹೊರಗೂ ಬಂತು. ಸೀಟಿ ಕೂಗಿತು. ಗೆದ್ದಿದ್ದೆವು. ನಾನು ನೆಲದ ಮೇಲೆ ಕೂತೇ ಅತ್ತೆ.

ಅವಳು ಗೆರೆ ದಾಟಿ ಹೊರಗೆ ಬಂದವಳೇ ನನ್ನ ಕಾಲು ಹಿಡಿದಳು. "ತಪ್ಪಾತ್ರಿ ಸರ್. ಗೆರಿ ಒಳಗಿದ್ದೆ ನೋಡ್ರಿ, ಅದಕ್ಕ."

ಆ ಕೂಗು ಯಾರದೋ ಮೊಬೈಲಿನಲ್ಲಿ ಸೆರೆಯಾಗಿ ನಮಗಿಂತ ಮೊದಲೇ ಗದಗ ಮುಟ್ಟಿತ್ತು. ಸೋಮವಾರ ಮುಂಜಾನೆ ಅಭ್ಯಾಸಕ್ಕೆ ಬಂದೆವು. ಅಂಗಳ ಖಾಲಿ. ಒಂದೇ ಒಂದು ಸ್ಕೂಟರು ರಿಂಗಿನ ಕೆಳಗೆ ನಿಂತಿತ್ತು. ಅದರ ಮೇಲೆ ಸಾಹೇಬರು ಕೂತಿದ್ದರು.

"ಒಂದು ಮ್ಯಾಚ್ ಗೆದ್ರ ಆತೇನು? ಕಮಿಟಿಗಿ ಇನ್ನೊಮ್ಮೆ ಹೇಳ್ತೀನಿ" ಅಂದರು.

ನಾನು ಬಾಯಿ ತೆರೆಯುವುದರೊಳಗೆ ಬೆಟಗೇರಿಯ ಹುಡುಗಿ ಮೆಲ್ಲಗೆ ಮುಂದೆ ಬಂದಳು. ಸ್ಕೂಟರಿನ ಗಾಲಿ ನೋಡಿದಳು, ಅದರ ಕೆಳಗಿನ ಬಿಳಿ ಗೆರೆ ನೋಡಿದಳು, ಆಮೇಲೆ ತೀರ ವಿನಯದಿಂದ ನನ್ನನ್ನು ಕೇಳಿದಳು:

"ಸರ್, ಸಾಹೇಬರು ಈಗ ಗೆರಿ ಒಳಗ ಅದಾರೇನ್ರಿ?"

"ಒಳಗ ಅದಾರವಾ," ಅಂದೆ.

ಅವಳು ಗಂಟಲು ಸರಿಮಾಡಿಕೊಂಡಳು. ಅಷ್ಟೇ. ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ ಬಹುವಚನ ಕೊಡದ ನಮ್ಮ ಸಾಹೇಬರು ಸ್ಕೂಟರು ಚಾಲೂ ಮಾಡುವುದನ್ನೂ ಮರೆತು, ಎರಡೂ ಕೈಯಲ್ಲಿ ಅದನ್ನು ನೂಕುತ್ತ ಹೊರಟರು.

"ತಗೀತೀನ್ರೀ... ತಗೀತೀನ್ರಿ!"