ಮಾಜಿ ಮಂತ್ರಿ ಬ್ರೊಮ್ಮೆಲರ ಉಚ್ಚಾಟನೆ

ನಮ್ಮ ಕ್ರೆಯೆನ್‌ಬ್ರುಖ್ ಊರಿನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಶಾಖೆಯು ಮಾಜಿ ಮಂತ್ರಿ ಹಾರ್ಟ್‌ವಿಗ್ ಬ್ರೊಮ್ಮೆಲರನ್ನು ಸರ್ವಾನುಮತದಿಂದ ಉಚ್ಚಾಟಿಸಿದೆ. ಪರವಾಗಿ ಕೈ ಎತ್ತಿದವರಲ್ಲಿ ಬ್ರೊಮ್ಮೆಲರೂ ಒಬ್ಬರು. ಪಕ್ಷದ ಶಿಸ್ತಿನಲ್ಲಿ ಅವರು ಎಂದೂ ತಪ್ಪಿದವರಲ್ಲ.

ಗಣಿ ಕಾರ್ಮಿಕನ ಮಗನಾಗಿ ಹುಟ್ಟಿ, ಕಾರ್ಮಿಕರ ಮತದಿಂದ ಮಂತ್ರಿಯಾಗಿ, ಕಾರ್ಮಿಕರ ಪಿಂಚಣಿಗೇ ಕತ್ತರಿ ಹಾಕಿದ್ದು ಅವರ ಅಪರಾಧ. "ಯಾರಾದ್ರೂ ಒಬ್ರು ಕೆಟ್ಟೋರಾಗ್ಲೇಬೇಕಲ್ಲ" ಎಂದು ಆಗ ಹೇಳಿದ್ದರು. ಮುಂದೆ ಗಣಿ ಕಂಪನಿಗೇ ಸಲಹೆಗಾರರಾದರು. ಆಗ ಏನೂ ಹೇಳಲಿಲ್ಲ.

ಉಚ್ಚಾಟನೆಯ ನಿರ್ಣಯ ತಂದವಳು ಅಧ್ಯಕ್ಷೆ ಇರ್ಮ್‌ಟ್ರೌಟ್. ಅವಳಪ್ಪ ಆ ಪಿಂಚಣಿಯ ದಾರಿ ಕಾಯುತ್ತಲೇ ಸತ್ತಿದ್ದ. ತಕರಾರು ತೆಗೆದವನು ಖಜಾಂಚಿ ಎಕಾರ್ಡ್.

"ಇವನು ಹೋದ್ರೆ ನಾವು ಆರೇ ಜನ. ಏಳಕ್ಕಿಂತ ಕಮ್ಮಿಯಾದ್ರೆ ಶಾಖೆನ ಪಕ್ಕದ ಓಬರ್‌ಹೋಲ್ಟ್ಸ್‌ಗೆ ಸೇರಿಸ್ತಾರೆ. ನಮ್ಮ ಬಾವುಟಾನೂ ಅವರ ಪಾಲು."

"ಹಿಟ್ಲರ್ ಕಾಲದಲ್ಲಿ ನಮ್ಮಜ್ಜ ಪಾರಿವಾಳದ ಗೂಡಲ್ಲಿ ಬಚ್ಚಿಟ್ಟಿದ್ದ ಬಾವುಟ ಕಣೋ ಅದು!"

"ಹಾಗಾದ್ರೆ ಇವನನ್ನ ಇಟ್ಕೋ."

"ಇಟ್ಕೊಂಡ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ."

ಆಲೂಗಡ್ಡೆ ಸಲಾಡ್ ತಿನ್ನುತ್ತಿದ್ದ ಬ್ರೊಮ್ಮೆಲ್ ಬಾಯಿ ಒರೆಸಿಕೊಂಡರು. "ಧಾರಾಳವಾಗಿ ಉಚ್ಚಾಟಿಸಮ್ಮ. ನಾನು ಮೇಲ್ಮನವಿ ಹಾಕ್ತೀನಿ. ತೀರ್ಪು ಬರೋ ತನಕ ನಾನು ಸದಸ್ಯನೇ. ಆ ನಿಯಮ ಬರೆದೋನು ನಾನೇ."

"ತೀರ್ಪು ಯಾವಾಗ ಬರುತ್ತೆ?"

"ಬರಬಾರ್ದು ಅಂತಲೇ ಬರೆದಿದ್ದು."

ಎಲ್ಲರೂ ಕೈ ಎತ್ತಿದರು. ಕಾರ್ಯಸೂಚಿಯ ಮುಂದಿನ ವಿಷಯ, ಅರವತ್ತು ವರ್ಷದ ಪಕ್ಷಸೇವೆಗಾಗಿ ಬ್ರೊಮ್ಮೆಲರಿಗೆ ಗೌರವದ ಪಿನ್ನು. ಇರ್ಮ್‌ಟ್ರೌಟೇ ಚುಚ್ಚಿದಳು.

"ಅಯ್ಯೋ, ಮೈಗೆ ತಾಗ್ತು."

"ತಾಗ್ಲಿ ಅಂತಲೇ."

ಮರುವರ್ಷ ಚಳಿಗಾಲದಲ್ಲಿ ಬ್ರೊಮ್ಮೆಲ್ ತೀರಿಕೊಂಡರು. ಆರೇ ಜನ ಉಳಿದೆವಲ್ಲ ಎಂದು ಗಾಬರಿಯಾಗಿ, ಮೇಲ್ಮನವಿ ನೋಡುವ ಪಕ್ಷದ ವಿಚಾರಣಾ ಸಮಿತಿಯನ್ನು ಕೇಳಿದೆವು. ಉತ್ತರ ಬಂತು: "ಮೇಲ್ಮನವಿ ಬಾಕಿಯಿರುವಾಗ ಯಾವುದೇ ಕಾರಣಕ್ಕೂ ಸದಸ್ಯತ್ವ ಕೊನೆಗೊಳ್ಳತಕ್ಕದ್ದಲ್ಲ. ಮರಣವೂ ಒಂದು ಕಾರಣವೇ." ಸದಸ್ಯನೆಂದ ಮೇಲೆ ಗೋರಿಯ ಮೇಲೆ ಬಾವುಟ ಬಾಗಿಸಬೇಕು. ಹಿಡಿದು ನಿಂತವಳು ಇರ್ಮ್‌ಟ್ರೌಟ್. ಅವಳಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ನಮಗೆಲ್ಲ ಬಂದದ್ದು ಅಳು ಮಾತ್ರ.

ಆಮೇಲೆ ಯಾರೂ ನಿರೀಕ್ಷಿಸದ ಅನಾಹುತವೊಂದು ನಡೆಯಿತು. ಯೂಲೆ ಎಂಬ ನರ್ಸ್ ಹುಡುಗಿ ತಾನಾಗಿಯೇ ಬಂದು ಪಕ್ಷ ಸೇರುತ್ತೇನೆಂದಳು. ಹದಿನೈದು ವರ್ಷಗಳಲ್ಲಿ ಹೀಗೆ ಬಂದವಳು ಅವಳೊಬ್ಬಳೇ.

"ಬಚಾವಾದ್ವಿ!" ಎಂದ ಎಕಾರ್ಡ್. "ಬದುಕಿರೋ ಏಳು ಜನ ಆದ್ವಿ. ಇನ್ನು ಸಮಿತಿಗೆ ಹೇಳಿ ಬ್ರೊಮ್ಮೆಲ್ ಕಡತ ಮುಚ್ಚಿಸಬಹುದು."

ಇರ್ಮ್‌ಟ್ರೌಟ್ ಸಲಾಡಿನ ಚಮಚ ಕೆಳಗಿಟ್ಟಳು. "ಮುಚ್ಚಿಸಿ? ಆಮೇಲೆ ಪ್ರತಿ ಸಭೇಲಿ ನಾವು ಯಾರನ್ನ ಬಯ್ಯೋದು?"

ಬ್ರೊಮ್ಮೆಲರ ಮೇಲ್ಮನವಿ ಇತ್ಯರ್ಥವಾಗುವವರೆಗೆ ಹೊಸ ಸದಸ್ಯರನ್ನು ಸೇರಿಸಿಕೊಳ್ಳತಕ್ಕದ್ದಲ್ಲ ಎಂದು ನಿರ್ಣಯ ಮಂಡಿಸಿದೆವು.

"ಅಲ್ಲ, ಅವರು ಸತ್ತಿದ್ದಾರಲ್ವಾ? ನಾನು ಬದುಕಿದ್ದೀನಿ!" ಎಂದಳು ಯೂಲೆ.

ಇರ್ಮ್‌ಟ್ರೌಟ್ ಅವಳ ಕೈಗೆ ಸಲಾಡಿನ ತಟ್ಟೆ ಕೊಟ್ಟು, ಅಕ್ಕರೆಯಿಂದಲೇ ಹೇಳಿದಳು: "ಯಾರಾದ್ರೂ ಒಬ್ರು ಕಾಯ್ಲೇಬೇಕಲ್ಲಮ್ಮ."

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಬ್ರೊಮ್ಮೆಲರ ಕುರ್ಚಿಯಿಂದಲೂ ವಿರೋಧ ಬರಲಿಲ್ಲ.